ಚೆಸ್: ಬಿಳಿ ಕಾಯಿಯಲ್ಲಿ ಬೇಡದ ಟ್ರಾನ್ಸ್‌ಪೊಸಿಷನ್ ತಪ್ಪಿಸುವುದು ಹೇಗೆ? ಡಿ4 ಆಡುವವರು ದಯವಿಟ್ಟು ಹೇಳಿ

ಕಾರ್ಲ್ಸ್‌ಬಾಡ್ ಕಾಲಾಳು:

ಎಲ್ಲರಿಗೂ ನಮಸ್ಕಾರ. ಟ್ರಾನ್ಸ್‌ಪೊಸಿಷನ್ ಅಂದರೆ ನಡೆಗಳ ಕ್ರಮ ಬದಲಾಗಿ ಆಟ ಬೇರೊಂದು ಓಪನಿಂಗ್‌ಗೆ (ಆರಂಭದ ನಡೆಗಳ ಪದ್ಧತಿಗೆ) ಹೋಗಿ ಸೇರುವುದು. ಬಿಳಿ ಕಾಯಿ ಸಿಕ್ಕಾಗ ನನಗೆ ಬೇಕಾದದ್ದು ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್‌ನ ಎಕ್ಸ್‌ಚೇಂಜ್ ವೇರಿಯೇಷನ್. 1.ಡಿ4 ಡಿ5 2.ಸಿ4 ಇ6 3.ನೈಟ್ ಸಿ3 ನೈಟ್ ಎಫ್6 4.ಸಿ×ಡಿ5 ಇ×ಡಿ5 5.ಬಿಷಪ್ ಜಿ5. ಆಮೇಲೆ ಇ3, ಬಿಷಪ್ ಡಿ3, ಕ್ವೀನ್ ಸಿ2. ಜಿ1ರ ನೈಟ್ ಎಫ್3ಕ್ಕೆ ಬರುವುದಿಲ್ಲ, ಇ2ಕ್ಕೆ ಬರುತ್ತದೆ. ನಂತರ ಎಫ್3, ಸಮಯ ನೋಡಿ ಇ4. 1952ರ ಸೋವಿಯತ್ ಚಾಂಪಿಯನ್‌ಷಿಪ್‌ನಲ್ಲಿ ಬೊಟ್ವಿನ್ನಿಕ್ ಕೆರೆಸ್ ವಿರುದ್ಧ ಆಡಿದ ಆಟ ಇದೇ ಯೋಜನೆಯದು. ನಡುಮನೆಯಲ್ಲಿ ಪಾನ್‌ಗಳು (ಕಾಲಾಳುಗಳು) ಒಂದೊಂದಾಗಿ ಮುಂದೆ ಸಾಗುವುದನ್ನು ನೋಡಿದರೆ ಇದಕ್ಕಿಂತ ಸ್ಪಷ್ಟವಾದ ಯೋಜನೆ ಇನ್ನೊಂದಿಲ್ಲ ಅನಿಸುತ್ತದೆ.

ತೊಂದರೆ ಏನೆಂದರೆ ಎದುರಾಳಿಗಳು 1...ಡಿ5 (ಮೂರು ಚುಕ್ಕಿ ಅಂದರೆ ಕಪ್ಪಿನ ನಡೆ) ಆಡುವುದೇ ಅಪರೂಪ. 1...ನೈಟ್ ಎಫ್6 2.ಸಿ4 ಇ6 ಎಂದು ಆಡಿ ಸುಮ್ಮನೆ ಕಾಯುತ್ತಾರೆ. ನಾನು 3.ನೈಟ್ ಸಿ3 ಆಡಿದರೆ 3...ಬಿಷಪ್ ಬಿ4, ಅಂದರೆ ನಿಮ್ಜೊ-ಇಂಡಿಯನ್ ಎಂಬ ಬೇರೆಯೇ ಓಪನಿಂಗ್. ನಿಮ್ಜೊ ಬೇಡವೆಂದು 3.ನೈಟ್ ಎಫ್3 ಆಡಿದರೆ ಈಗ 3...ಡಿ5. ಎಕ್ಸ್‌ಚೇಂಜ್ ಆಡಬಹುದು, ಆದರೆ ನೈಟ್ ಆಗಲೇ ಎಫ್3ರಲ್ಲಿ ಕೂತಾಗಿದೆ, ಇ2ರ ಮಾತೇ ಇಲ್ಲ. ಕೆಲವರಂತೂ 3...ಸಿ5 ಆಡಿ ಬೆನೋನಿ ಓಪನಿಂಗ್‌ಗೆ ಎಳೆದೊಯ್ಯುತ್ತಾರೆ.

ಎಲ್ಲ ಕಡೆಯಿಂದಲೂ ಸುರಕ್ಷಿತವಾದ ನಡೆಯ ಕ್ರಮ ಇದೆಯೇ? ಇಲ್ಲವಾದರೆ ಯಾವುದನ್ನು ಬಿಟ್ಟುಕೊಡಬೇಕು?

ಕಡಲತಡಿ 64:

ಇಷ್ಟು ತಲೆಬಿಸಿ ಯಾಕೆ ಮಾರಾಯ್ರೆ? 1.ಡಿ4, 2.ಬಿಷಪ್ ಎಫ್4, ಇ3, ಸಿ3, ನೈಟ್ ಎಫ್3. ಲಂಡನ್ ಸಿಸ್ಟಮ್. ಅವರು ಡಿ5 ಆಡಲಿ, ನೈಟ್ ಎಫ್6 ಆಡಲಿ, ನಮ್ಮ ಕಾಯಿಗಳ ಜಾಗ ಅದೇ. 2023ರ ವಿಶ್ವ ಚಾಂಪಿಯನ್‌ಷಿಪ್‌ನ 6ನೇ ಆಟದಲ್ಲಿ ಡಿಂಗ್ ಲಿರೆನ್ ಲಂಡನ್ ಆಡಿಯೇ ನೆಪೊಮ್ನಿಯಾಚಿಯನ್ನು ಸೋಲಿಸಿದ್ದು. ಸಣ್ಣ ಓಪನಿಂಗ್ ಅಂತ ಮೂಗು ಮುರಿಯುವವರು ಆ ಆಟ ನೋಡಬೇಕು.

ಹಳೇ ಪಟ:

ಪ್ರಶ್ನೆ ಚೆನ್ನಾಗಿದೆ. ನಾನು ಮಕ್ಕಳಿಗೆ ಹೇಳಿಕೊಡುವಾಗ ಪದೇ ಪದೇ ಎದುರಾಗುವ ಪ್ರಶ್ನೆಯೂ ಇದೇ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಲ್ಲ ಕಡೆಯಿಂದ ಸುರಕ್ಷಿತವಾದ ಕ್ರಮ ಇಲ್ಲ. ಮೊದಲು ಎದುರಾಳಿಯ ಕಡೆಯಿಂದ ನೋಡಿ. 2...ಇ6 ಆಡಿ ಕಾಯುವವರು ಸುಮ್ಮನೆ ಕಾಯುತ್ತಿಲ್ಲ. ಅವರಲ್ಲಿ ಹಲವರು 3.ನೈಟ್ ಸಿ3ಗೆ ನಿಮ್ಜೊ, 3.ನೈಟ್ ಎಫ್3ಗೆ ಮಾತ್ರ ಬೆನೋನಿ ಎಂದು ತೀರ್ಮಾನಿಸಿ ಬಂದಿರುತ್ತಾರೆ. ಯಾಕೆ? ನೈಟ್ ಜಿ1ರಲ್ಲೇ ಇದ್ದರೆ ಬೆನೋನಿಯಲ್ಲಿ ಬಿಳಿಗೆ ಒಂದು ಕಠೋರ ಅಸ್ತ್ರವಿದೆ: 3.ನೈಟ್ ಸಿ3 ಸಿ5 4.ಡಿ5 ಇ×ಡಿ5 5.ಸಿ×ಡಿ5 ಡಿ6 6.ಇ4 ಜಿ6 7.ಎಫ್4 ಬಿಷಪ್ ಜಿ7 8.ಬಿಷಪ್ ಬಿ5 ಚೆಕ್. ತೈಮಾನೊವ್ ಅಟ್ಯಾಕ್. ಬೆನೋನಿ ಆಡುವವರಿಗೆ ಇದೆಂದರೆ ದಿಗಿಲು. ನೈಟ್ ಒಮ್ಮೆ ಎಫ್3ಕ್ಕೆ ಬಂತೆಂದರೆ ಎಫ್-ಪಾನ್ ಅದರ ಹಿಂದೆ ಸಿಕ್ಕಿಬೀಳುತ್ತದೆ, ಎಫ್4 ಇಲ್ಲ, ಅವರು ನಿರಾಳ. ಹಾಗೆಂದು ಬಿಳಿ ಬರಿಗೈ ಅಲ್ಲ. ಇ4, ಎಚ್3, ಬಿಷಪ್ ಡಿ3 ಇಟ್ಟುಕೊಂಡು ಆಡುವ ಪದ್ಧತಿ ಕಪ್ಪಿಗೆ ಸುಲಭದ್ದೇನಲ್ಲ. ಆದರೆ ಅದು ನೀವು ಬಯಸಿದ ಆಟವಲ್ಲ, ಅವರು ಬಯಸಿದ ಆಟ.

ಈಗ ನಿಮ್ಮ ಎಕ್ಸ್‌ಚೇಂಜ್‌ಗೆ ಬನ್ನಿ. ನೈಟ್ ಎಫ್3ರಲ್ಲಿದ್ದರೆ ಕಳೆದುಹೋಗುವುದು ಇ2ರ ಯೋಜನೆ ಮಾತ್ರ ಅಂದುಕೊಳ್ಳಬೇಡಿ. ಎಕ್ಸ್‌ಚೇಂಜ್‌ನಲ್ಲಿ ಕಪ್ಪಿನ ದೊಡ್ಡ ಕೊರಗು ಸಿ8ರ ಬಿಷಪ್. ಅದನ್ನು ಎಫ್5ಕ್ಕೆ ತಂದರೆ ಅರ್ಧ ತೊಂದರೆ ತೀರಿತು. ನೈಟ್ ಎಫ್3ರಲ್ಲಿ ಇಲ್ಲದಿದ್ದಾಗ 5.ಬಿಷಪ್ ಜಿ5 ಸಿ6 6.ಇ3 ಬಿಷಪ್ ಎಫ್5 ಎಂದರೆ 7.ಕ್ವೀನ್ ಎಫ್3! ಬಿಷಪ್ ಜಿ6 8.ಬಿಷಪ್×ಎಫ್6 ಕ್ವೀನ್×ಎಫ್6 9.ಕ್ವೀನ್×ಎಫ್6 ಜಿ×ಎಫ್6. ಕಪ್ಪಿನ ಎಫ್-ಪಾನ್‌ಗಳು ಒಂದರ ಹಿಂದೊಂದು ನಿಂತವು, ಎಚ್-ಪಾನ್ ಒಂಟಿಯಾಯಿತು. ಕಪ್ಪು ಇದನ್ನು ಕಾಪಾಡಿಕೊಳ್ಳಬಹುದು, ಆದರೆ ಆಟವಿಡೀ ಕಾಯುತ್ತಾ ಕೂರಬೇಕು. ಎಫ್3 ಮನೆ ಖಾಲಿ ಇದ್ದದ್ದಕ್ಕೇ ಕ್ವೀನ್ ಅಲ್ಲಿಗೆ ಬಂದದ್ದು. ನೈಟ್ ಅಲ್ಲಿದ್ದರೆ ಈ ಬೆದರಿಕೆಯೇ ಇಲ್ಲ. ಹಾಗಾಗಿ ನೈಟ್ ಎಫ್3 ಆಡಿದ ಎಕ್ಸ್‌ಚೇಂಜ್ ಹೆಸರಿಗೆ ಮಾತ್ರ ಅದೇ ಓಪನಿಂಗ್.

ಕಡಲತಡಿಯವರೇ, ಲಂಡನ್ ಬಗ್ಗೆ ಗೌರವವಿದೆ. ಆದರೆ ಅಲ್ಲೂ ಟ್ರಾನ್ಸ್‌ಪೊಸಿಷನ್ ಇಲ್ಲ ಅನ್ನುವುದು ನಿಜವಲ್ಲ. 1.ಡಿ4 ಡಿ5 2.ಬಿಷಪ್ ಎಫ್4 ಸಿ5 3.ಇ3 ಸಿ×ಡಿ4 4.ಇ×ಡಿ4. ಇದನ್ನು ಬೋರ್ಡ್ ಮೇಲೆ ಇಟ್ಟು ನೋಡಿ. 1.ಇ4 ಸಿ6 2.ಡಿ4 ಡಿ5 3.ಇ×ಡಿ5 ಸಿ×ಡಿ5 4.ಬಿಷಪ್ ಎಫ್4, ಅಂದರೆ ಕಾರೊ-ಕಾನ್ ಎಕ್ಸ್‌ಚೇಂಜ್. ಒಂದು ಪಾನ್ ಕೂಡ ವ್ಯತ್ಯಾಸವಿಲ್ಲ, ಸರದಿಯೂ ಕಪ್ಪಿನದೇ. ಇನ್ನೂ ಸೋಜಿಗವೆಂದರೆ ಇದು ಬಣ್ಣ ಅದಲುಬದಲಾದ ಕಾರ್ಲ್ಸ್‌ಬಾಡ್ ರಚನೆ, ಅಂದರೆ ನಿಮ್ಮ ಎಕ್ಸ್‌ಚೇಂಜ್‌ನಲ್ಲಿ ಬರುವ ಪಾನ್‌ಗಳ ಜೋಡಣೆ. ಕ್ವೀನ್ ಬದಿಯಲ್ಲಿ ಪಾನ್ ನೂಕಿ ಬರುವವರು ಈಗ ಕಪ್ಪಿನವರು.

ಕಡಲತಡಿ 64:

ಹೌದು, ಆ ಸ್ಥಿತಿ ನನಗೆ ಬೇಕಾದಷ್ಟು ಸಲ ಬಂದದ್ದುಂಟು. ನನಗೆ ಅದು ಇಷ್ಟವೇ. ಕಿಂಗ್ ಬದಿಯಲ್ಲಿ ದಾಳಿ ಮಾಡಲಿಕ್ಕೆ ಇ5 ಮನೆ ಉಂಟಲ್ಲ. ಆದರೆ ಜೊಬಾವಾ ಲಂಡನ್ ಆಡುವವರಿಗೆ ಒಂದು ಮಾತು ಹೇಳಬೇಕು. 1.ಡಿ4 ನೈಟ್ ಎಫ್6 2.ನೈಟ್ ಸಿ3 ಆಡಿದ ಮೇಲೆ 2...ಡಿ5 3.ಬಿಷಪ್ ಎಫ್4 ಬಂದರೆ ಸರಿ. 2...ಇ6 ಬಂದರೆ? 3.ಇ4 ಆಡದೆ ಬಿಟ್ಟರೆ ನಡುಮನೆ ಬಿಟ್ಟುಕೊಟ್ಟ ಹಾಗೆ, ಆಡಿದರೆ 3...ಡಿ5, ಅದು ಶುದ್ಧ ಫ್ರೆಂಚ್. 2...ಜಿ6 3.ಇ4 ಡಿ6 ಅಂದರೆ ಪಿರ್ಕ್. ಇ4 ಥಿಯರಿ ಬೇಡ ಅಂತ ಡಿ4ಗೆ ಬಂದವರು ಅಲ್ಲಿಗೇ ಮರಳಿ ಹೋಗುವುದು. ಈ ಎರಡನ್ನೂ ಕಲಿಯಲಿಕ್ಕೆ ತಯಾರಿಲ್ಲದಿದ್ದರೆ 2.ನೈಟ್ ಸಿ3 ಬೇಡ.

ಇ4 ಮೊದಲು:

ಡಿ4 ಜಗತ್ತಿನಲ್ಲಿ ಮಾತ್ರ ಇದು ನಡೆಯುವುದಿಲ್ಲ. ನಾನು ಸಿಸಿಲಿಯನ್ ವಿರುದ್ಧ ಅಲಾಪಿನ್ ಆಡುತ್ತೇನೆ: 1.ಇ4 ಸಿ5 2.ಸಿ3. ಕಪ್ಪು 2...ಇ6 3.ಡಿ4 ಡಿ5 ಆಡಿದಾಗ 4.ಇ5 ಎಂದರೆ ಫ್ರೆಂಚ್ ಅಡ್ವಾನ್ಸ್‌ಗೆ ಬಂದಿಳಿದೆವು. ಎದುರಿಗೆ ಕೂತವರು ಜೀವನವಿಡೀ ಫ್ರೆಂಚ್ ಆಡಿದವರಾದರೆ ಅವರ ಮನೆಗೇ ಹೋಗಿ ಕೂತಂತೆ. ಆ ಕಾರಣಕ್ಕೆ ಕೆಲವರು 4.ಇ×ಡಿ5 ಆಡುತ್ತಾರೆ. ನಾನು ಬೇರೆ ದಾರಿ ಹಿಡಿದೆ. ಫ್ರೆಂಚ್ ವಿರುದ್ಧವೂ ಅಡ್ವಾನ್ಸನ್ನೇ ನನ್ನ ಮುಖ್ಯ ಆಯ್ಕೆ ಮಾಡಿಕೊಂಡೆ. ಈಗ ಅದು ಬೇಡದ ಟ್ರಾನ್ಸ್‌ಪೊಸಿಷನ್ ಅಲ್ಲವೇ ಅಲ್ಲ.

ಪೆಟ್ರಾಫ್ ಕೂಡ ಹಾಗೆ. 1.ಇ4 ಇ5 2.ನೈಟ್ ಎಫ್3 ನೈಟ್ ಎಫ್6 3.ನೈಟ್×ಇ5 ಡಿ6 4.ನೈಟ್ ಎಫ್3 ನೈಟ್×ಇ4 5.ಡಿ3 ನೈಟ್ ಎಫ್6 6.ಡಿ4 ಡಿ5. ಇದು ಫ್ರೆಂಚ್ ಎಕ್ಸ್‌ಚೇಂಜ್, ಎರಡೂ ಕಡೆ ಕಿಂಗ್ ನೈಟ್ ಹೊರಬಂದಿದೆ, ಸರದಿ ಬಿಳಿಯದು. ಪೆಟ್ರಾಫ್ ಪೂರ್ತಿ ತಪ್ಪಿಸಿ ಇಟಾಲಿಯನ್ ಬೇಕೆನ್ನುವವರು 2.ಬಿಷಪ್ ಸಿ4 ನೈಟ್ ಎಫ್6 3.ಡಿ3 ಆಡುತ್ತಾರೆ. 3...ನೈಟ್ ಸಿ6 4.ನೈಟ್ ಎಫ್3 ಬಂದರೆ ಬೇಕಾದದ್ದು ಸಿಕ್ಕಿತು. ಬೆಲೆ ಏನು? 3...ಸಿ6! ನೈಟ್ ಸಿ6ರಲ್ಲಿ ಇಲ್ಲದಿರುವುದರಿಂದ 4.ನೈಟ್ ಎಫ್3 ಡಿ5 ಎಂದು ಕಪ್ಪು ನಡುಮನೆ ಹಿಡಿಯುತ್ತದೆ. 2.ನೈಟ್ ಎಫ್3 ನೈಟ್ ಸಿ6 ಆದಮೇಲೆ ಕಪ್ಪಿಗೆ ಈ ಸೌಲಭ್ಯ ಇರಲಿಲ್ಲ.

ಮ್ಯೂನಿಕ್ ಕನ್ನಡಿಗ:

ಕಾಲಾಳು ಅವರ ಪ್ರಶ್ನೆಗೆ ನೇರ ಉತ್ತರ ಕೊಡಬಲ್ಲ ನಡೆ ಒಂದಿದೆ, ಯಾರೂ ಹೇಳಲಿಲ್ಲ. 1.ಸಿ4!

1.ಸಿ4 ಇ6 2.ನೈಟ್ ಸಿ3 ಡಿ5 3.ಡಿ4 ನೈಟ್ ಎಫ್6 4.ಸಿ×ಡಿ5. ನೀವು ಕೇಳಿದ ಎಕ್ಸ್‌ಚೇಂಜ್, ನೈಟ್ ಇನ್ನೂ ಜಿ1ರಲ್ಲಿ. ಕಪ್ಪು 2...ನೈಟ್ ಎಫ್6 ಆಡಿ ನಿಮ್ಜೊಗೆ ಕಾದರೆ ಡಿ4 ಆಡಲೇಬೇಕೆಂಬ ನಿಯಮವಿಲ್ಲ, 3.ಇ4 ಆಡಿ, ಮಿಕೆನಾಸ್. 1...ನೈಟ್ ಎಫ್6 2.ನೈಟ್ ಸಿ3 ಜಿ6 ಬಂದರೆ 3.ಇ4. ಡಿ5 ಮನೆ ಬಿಗಿಯಾಯಿತು, ಗ್ರುನ್‌ಫೆಲ್ಡ್ ಹೋಯಿತು. ಮುಂದೆ ಡಿ4 ಆಡಿದರೆ ಕಿಂಗ್ಸ್ ಇಂಡಿಯನ್ ಮಾತ್ರ. ಬುಡಾಪೆಸ್ಟ್, ಆಲ್ಬಿನ್ ಗ್ಯಾಂಬಿಟ್‌ಗಳ ಚಿಂತೆಯೂ ಇಲ್ಲ.

1972ರ ರೇಕ್ಯಾವಿಕ್ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ 6ನೇ ಆಟ ನೆನಪಿಸಿಕೊಳ್ಳಿ. ಇ4 ಬಿಟ್ಟು ಬೇರೆ ಆಡದವರೆಂದೇ ಹೆಸರಾಗಿದ್ದ ಫಿಷರ್ 1.ಸಿ4 ಆಡಿದರು. 1...ಇ6 2.ನೈಟ್ ಎಫ್3 ಡಿ5 3.ಡಿ4 ನೈಟ್ ಎಫ್6 4.ನೈಟ್ ಸಿ3 ಬಿಷಪ್ ಇ7 5.ಬಿಷಪ್ ಜಿ5. ಕ್ವೀನ್ಸ್ ಗ್ಯಾಂಬಿಟ್‌ಗೆ ಬಂದೇ ಬಂದರು. ಸ್ಪಾಸ್ಕಿ ತಮ್ಮ ನೆಚ್ಚಿನ ಟಾರ್ಟಕೋವರ್ ಪದ್ಧತಿಯನ್ನೇ ಆಡಿದರು, ಸೋತರು. ಟ್ರಾನ್ಸ್‌ಪೊಸಿಷನ್ ಬಿಳಿಯ ಆಯುಧವೂ ಆಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹಳೇ ಪಟ:

ಮ್ಯೂನಿಕ್ ಅವರೇ, ಅರ್ಧ ಒಪ್ಪುತ್ತೇನೆ. ನೀವು ಹೇಳಿದ್ದೆಲ್ಲ 1...ಇ6 ಅಥವಾ 1...ನೈಟ್ ಎಫ್6 ಬಂದಾಗ. 1.ಸಿ4 ಇ5 ಬಂದರೆ? 1...ಸಿ5 ಬಂದರೆ? ಅಲ್ಲಿ ಕಾರ್ಲ್ಸ್‌ಬಾಡ್‌ನ ನೆರಳೂ ಇಲ್ಲ. ನಿಮ್ಜೊ ಒಂದನ್ನು ತಪ್ಪಿಸಲು ಇಂಗ್ಲಿಷ್ ಓಪನಿಂಗ್ ಪೂರ್ತಿ ಕಲಿಯುವುದು ದುಬಾರಿ ವ್ಯವಹಾರ. ಇಂಗ್ಲಿಷ್ ಅನ್ನೇ ಪ್ರೀತಿಸುವವರಿಗೆ ಸರಿ, ಈ ಹುಡುಗರು ಪ್ರೀತಿಸುತ್ತಿರುವುದು ಬೇರೆಯದನ್ನು.

ಮ್ಯೂನಿಕ್ ಕನ್ನಡಿಗ:

ದುಬಾರಿ ಎನ್ನುವುದನ್ನು ಒಪ್ಪುತ್ತೇನೆ ಸರ್. ಆದರೆ ನಿಮ್ಜೊ ಚಿಕ್ಕ ಓಪನಿಂಗ್ ಅಲ್ಲವಲ್ಲ, ಅದಕ್ಕೂ ಕೆಲಸ ಬೇಕು.

1.ನೈಟ್ ಎಫ್3ಯಿಂದ ಶುರುಮಾಡಿದರೆ ಎಲ್ಲ ಕೈಯಲ್ಲಿರುತ್ತದೆ ಎನ್ನುವವರಿಗೂ ಒಂದು ಎಚ್ಚರಿಕೆ: ಕಪ್ಪು ಒಪ್ಪಿದರೆ ಮಾತ್ರ ನೀವು ಬಯಸಿದಲ್ಲಿಗೆ ಹೋಗುತ್ತೀರಿ. 1...ಡಿ5 2.ಸಿ4 ಆಡಿದಾಗ 2...ಡಿ4 ಎಂದು ಮುಂದೆ ನೂಕಿದರೆ ಕ್ವೀನ್ಸ್ ಗ್ಯಾಂಬಿಟ್ ಸಿಗುವುದೇ ಇಲ್ಲ. 2024ರಲ್ಲಿ ಸಿಂಗಪುರದ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದ 11ನೇ ಆಟದಲ್ಲಿ ಡಿಂಗ್ ಹಾಗೇ ಮಾಡಿದರು, ಗುಕೇಶ್ 3.ಬಿ4 ಎಂದು ಉತ್ತರಿಸಿ ಆಟ ಗೆದ್ದರು. ಅವರು ಅದಕ್ಕೆ ತಯಾರಾಗಿಯೇ ಬಂದಿದ್ದರು.

ಕಾರ್ಲ್ಸ್‌ಬಾಡ್ ಕಾಲಾಳು:

ತುಂಬಾ ಉಪಯೋಗವಾಯಿತು. ಕ್ವೀನ್ ಎಫ್3ಯ ಕಾರಣ ಈಗ ಅರ್ಥವಾಯಿತು, ನಾನು ಇ2ರ ಬಗ್ಗೆ ಮಾತ್ರ ಯೋಚಿಸುತ್ತಿದ್ದೆ. ಇನ್ನೆರಡು ಅನುಮಾನ. 1...ಡಿ5 2.ಸಿ4 ಇ6 3.ನೈಟ್ ಸಿ3 ಬಂದ ಮೇಲೂ ಕೆಲವರು ನೈಟ್ ತೆಗೆಯದೆ 3...ಬಿಷಪ್ ಇ7 ಆಡುತ್ತಾರೆ, ಇನ್ನು ಕೆಲವರು 3...ಸಿ6. ಎರಡರಲ್ಲೂ ಬಿಷಪ್ ಜಿ5ಕ್ಕೆ ಅರ್ಥವಿಲ್ಲ. ಮತ್ತೆ 1...ಇ6 ಆಡುವವರು? ಫ್ರೆಂಚ್‌ಗೆ ಕರೆಯುತ್ತಿದ್ದಾರೋ ಡಚ್‌ಗೋ ಗೊತ್ತಾಗುವುದಿಲ್ಲ.

ಹಳೇ ಪಟ:

3...ಬಿಷಪ್ ಇ7 ಇರುವುದೇ ನಿಮ್ಮಂಥವರಿಗಾಗಿ. ಅಲಟೊರ್ಟ್ಸೆವ್ ಪದ್ಧತಿ. ನೈಟ್ ಎಫ್6ರಲ್ಲಿ ಇಲ್ಲದಿದ್ದರೆ ಜಿ5ರಿಂದ ಪಿನ್ ಮಾಡಲು (ಕದಲದಂತೆ ಕಟ್ಟಿಹಾಕಲು) ಏನೂ ಇಲ್ಲ. 4.ಸಿ×ಡಿ5 ಇ×ಡಿ5 5.ಬಿಷಪ್ ಎಫ್4 ಆಡಿ. 1963ರ ವಿಶ್ವ ಚಾಂಪಿಯನ್‌ಷಿಪ್ ಪಂದ್ಯದಲ್ಲಿ ಬೊಟ್ವಿನ್ನಿಕ್ ಪೆಟ್ರೋಸ್ಯಾನ್ ವಿರುದ್ಧ ಇದನ್ನೇ ಆಡಿದರು: 5...ಸಿ6 6.ಇ3 ಬಿಷಪ್ ಎಫ್5 7.ಜಿ4! ಬಿಷಪ್ ಎಫ್5ಕ್ಕೆ ಬಂದದ್ದನ್ನೇ ಗುರಿಯಾಗಿಸಿ ಕಿಂಗ್ ಬದಿಯಲ್ಲಿ ಜಾಗ ಗೆಲ್ಲುವುದು. ನಿಮ್ಮ ನೈಟ್ ಆಗಲೂ ಜಿ1ರಲ್ಲೇ ಇದೆ ಎನ್ನುವುದನ್ನು ಗಮನಿಸಿ. ರಚನೆ ಅದೇ, ಬಿಷಪ್‌ನ ಮನೆ ಮಾತ್ರ ಬೇರೆ. 3...ಸಿ6ಗೂ 4.ಸಿ×ಡಿ5 ಇ×ಡಿ5 ಆಡಿ 5.ಕ್ವೀನ್ ಸಿ2. ಎಫ್5 ಮನೆ ಕಾವಲಿಗೆ ಬಂತು.

1...ಇ6 ವಿಷಯ ಬೇರೆ. ಡಚ್ ಆಡುವವರು ನೇರ 1...ಎಫ್5 ಆಡಿದರೆ 2.ಬಿಷಪ್ ಜಿ5, 2.ನೈಟ್ ಸಿ3, 2.ಇ4 ಸ್ಟಾಂಟನ್ ಗ್ಯಾಂಬಿಟ್ ಎಲ್ಲ ಎದುರಿಸಬೇಕು. 1...ಇ6 ಆಡಿದರೆ ಆ ಕಾಟ ಇಲ್ಲ. ಆದರೆ 2.ಇ4 ಬಂದರೆ ಫ್ರೆಂಚ್ ಆಡಲು ಸಿದ್ಧರಿರಬೇಕು. ಬೊಟ್ವಿನ್ನಿಕ್‌ಗೆ ಫ್ರೆಂಚ್, ಡಚ್ ಎರಡೂ ಕರಗತವಾಗಿದ್ದರಿಂದ ಅವರಿಗೆ ಈ ಕ್ರಮ ಸಲೀಸಾಗಿತ್ತು. ನಿಮಗೆ ಇ4 ಆಟ ಗೊತ್ತಿಲ್ಲದಿದ್ದರೆ ಎದುರಾಳಿಯನ್ನು ಪರೀಕ್ಷಿಸಲು ಹೋಗಬೇಡಿ. 2.ಸಿ4 ಆಡಿ. 2...ಎಫ್5 ಬಂದರೆ ಡಚ್ ಆಡಿ, 2...ಡಿ5 ಬಂದರೆ ನಿಮ್ಮ ಮನೆ.

ಧಾರವಾಡದಾಂವ:

ನಮಸ್ಕಾರ್ರಿ. ಎಲ್ಲಾರೂ ಚಂದ ಹೇಳ್ಯಾರ. ಆದ್ರ ನಿಮ್ಜೊನ ತಪ್ಪಸೂದು ಹೆಂಗ ಅಂತನ ಎಲ್ಲಾರೂ ಕೇಳಾಕತ್ತೀರಿ. ನಿಮ್ಜೊದಾಗ ನಿಮ್ಮ ಆಟ ಸಿಗತೈತೇನು ಅಂತ ಯಾರೂ ಕೇಳ್ಲಿಲ್ಲ. ದಾರಿ ತಪ್ಪಿ ಹ್ವಾದ ಊರಾಗೂ ಬೀಗರು ಇದ್ರ ರಾತ್ರಿ ಊಟಕ್ಕ ಚಿಂತಿ ಇಲ್ಲ ನೋಡ್ರಿ.

3...ಬಿಷಪ್ ಬಿ4ಗೆ 4.ಇ3 ಆಡ್ರಿ. 4...ಕ್ಯಾಸಲ್ 5.ಬಿಷಪ್ ಡಿ3 ಡಿ5 6.ಸಿ×ಡಿ5 ಇ×ಡಿ5 7.ನೈಟ್ ಜಿ1 ಇಂದ ಇ2. ಏನಾತು? ಅದ ಕಾರ್ಲ್ಸ್‌ಬಾಡ್ ಪಾನ್‌ಗಳು, ಅದ ನೈಟ್ ಇ2ದಾಗ, ಮುಂದ ಎಫ್3, ಇ4. ಫರಕ್ ಏನಂದ್ರ ಸಿ1ದ ಬಿಷಪ್ ಪಾನ್‌ಗಳ ಹಿಂದ ಉಳೀತೈತಿ, ಜಿ5ಕ್ಕ ಹೋಗಾಂಗಿಲ್ಲ. ಅದೊಂದು ಕೊಡಬೇಕಾಗತೈತಿ.

ಬೊಟ್ವಿನ್ನಿಕ್ ಹೆಸರು ಹೇಳಿದ್ರಿ. 1938ರ ಆವ್ರೊ ಟೂರ್ನಮೆಂಟ್‌ದಾಗ ಅಂವಾ ಕಾಪಬ್ಲಾಂಕಾನ್ನ ಸೋಲಿಸಿದ್ದು ಯಾವ ಓಪನಿಂಗ್‌ದಾಗ? ನಿಮ್ಜೊದಾಗರಿ. 4.ಇ3 ಡಿ5 5.ಎ3 ಬಿಷಪ್×ಸಿ3 ಚೆಕ್ 6.ಬಿ×ಸಿ3 ಸಿ5 7.ಸಿ×ಡಿ5 ಇ×ಡಿ5 8.ಬಿಷಪ್ ಡಿ3, ಆಮ್ಯಾಲೆ 9.ನೈಟ್ ಇ2, 18.ಎಫ್3, 19.ಇ4. ಕೊನೀಗೆ 30.ಬಿಷಪ್ ಎ3 ಅಂತ ಬಿಷಪ್ ಕೊಟ್ಟು ಮುಗಿಸಿದ. 1952ರ ಆಟದ ಯೋಜನೆ ಅವನ ಕೈಯಾಗ 14 ವರ್ಷ ಮೊದಲ ಇತ್ತು. ಎರಡೂ ಆಟ ಬಾಜೂಬಾಜೂ ಇಟ್ಟು ನೋಡ್ರಿ. ಓಪನಿಂಗ್ ಹೆಸರು ಬ್ಯಾರೆ, ಕೆಲಸ ಒಂದ.

ಇನ್ನೊಂದು. ನಡೆ ಬರ್ಕೊಂಡು ಬಾಯಿಪಾಠ ಮಾಡಬ್ಯಾಡ್ರಿ, ಸ್ಥಿತಿ ಬರ್ಕೊಳ್ರಿ. ಲಿಚೆಸ್ ವೆಬ್‌ಸೈಟ್‌ದಾಗ ಓಪನಿಂಗ್ ಎಕ್ಸ್‌ಪ್ಲೋರರ್ ನಡೆ ಯಾವ ಕ್ರಮದಾಗ ಬಂತು ಅಂತ ನೋಡೂದಿಲ್ಲ, ಬೋರ್ಡ್ ಮ್ಯಾಲಿನ ಸ್ಥಿತಿ ನೋಡತೈತಿ. ನಿಮಗ ಬೇಕಾದ ಸ್ಥಿತಿ ಇಟ್ಟು, ಅಲ್ಲಿಗೆ ಬಂದ ಆಟ ತಗದು, ಅವು ಎಲ್ಲಿಂದ ಶುರು ಆದ್ವು ಅಂತ ಹಿಂದಕ್ಕ ಹೋಗ್ರಿ. ದಾರಿಗಳು ತಾವ ಕಾಣಸ್ತಾವು.

ಇ4 ಮೊದಲು:

ಧಾರವಾಡದವರ ಮಾತು ಬಹಳ ಹಿಡಿಸಿತು. ಅಲಾಪಿನ್ ಜೊತೆ ಫ್ರೆಂಚ್ ಅಡ್ವಾನ್ಸ್ ಇಟ್ಟುಕೊಂಡಿದ್ದರ ಹಿಂದೆ ಇದೇ ಲೆಕ್ಕವಿದೆ. ಆದರೆ ಒಂದು ತಕರಾರು. 4.ಇ3ಗೆ ಎಲ್ಲರೂ ಡಿ5 ಆಡಿ ಇ-ಪಾನ್‌ನಿಂದ ಹೊಡೆಯುತ್ತಾರೆ ಎಂಬ ಖಾತ್ರಿ ಏನು? 4...ಸಿ5 ಆಡಿ ಸಿ×ಡಿ4, ಇ×ಡಿ4, ಡಿ5 ಮಾಡಿದರೆ ಡಿ4ರ ಪಾನ್ ಒಂಟಿಯಾಗುವ ಆಟ ಬರುತ್ತದೆ. ಕಾರೊ-ಕಾನ್‌ನ ಪನೊವ್ ಆಡುವ ನನ್ನಂಥವರಿಗೆ ಅದು ಪರಿಚಿತ. 1.ಇ4 ಸಿ6 2.ಡಿ4 ಡಿ5 3.ಇ×ಡಿ5 ಸಿ×ಡಿ5 4.ಸಿ4 ನೈಟ್ ಎಫ್6 5.ನೈಟ್ ಸಿ3 ಇ6 6.ನೈಟ್ ಎಫ್3 ಬಿಷಪ್ ಬಿ4 ಎಂದರೆ ನಾವೂ ನಿಮ್ಜೊಗೇ ಬಂದು ಸೇರುತ್ತೇವೆ. ಆದರೆ ಕಾಲಾಳು ಅವರಿಗೆ ಅದು ಹೊಸ ರಚನೆ.

ಧಾರವಾಡದಾಂವ:

ಖರೇ ಅದ. ಅದಕ್ಕ 4...ಸಿ5ಗೆ 5.ನೈಟ್ ಜಿ1 ಇಂದ ಇ2 ಆಡಬೇಕು. 5...ಸಿ×ಡಿ4 6.ಇ×ಡಿ4 ಡಿ5 ಬಂದ್ರ 7.ಸಿ5 ನೂಕಬಹುದು, ಒಂಟಿ ಪಾನ್ ಪ್ರಶ್ನಿನ ಬರೂದಿಲ್ಲ. ಕ್ವೀನ್ ಬದಿ ಜಾಗ ಬಿಳೀದು. ಇದೊಂದು ರಚನೆ ಹೊಸದಾಗಿ ಕಲೀಬೇಕು, ಇಲ್ಲ ಅನ್ನೂದಿಲ್ಲ.

ಕಾರ್ಲ್ಸ್‌ಬಾಡ್ ಕಾಲಾಳು:

ನಿರ್ಧಾರ ಮಾಡಿದೆ. 3.ನೈಟ್ ಎಫ್3 ಬಿಡುತ್ತೇನೆ, 3.ನೈಟ್ ಸಿ3 ಖಾಯಂ. ನಿಮ್ಜೊಗೆ 4.ಇ3 ಜೊತೆ ನೈಟ್ ಇ2, ಬೆನೋನಿಗೆ ತೈಮಾನೊವ್, 3...ಬಿಷಪ್ ಇ7ಗೆ ಬಿಷಪ್ ಎಫ್4, 1...ಇ6ಗೆ 2.ಸಿ4. ಜಿ1ರ ನೈಟ್ ತಡವಾಗಿ ಹೊರಬರುವುದು ಈ ನಾಲ್ಕಕ್ಕೂ ಹೊಂದುತ್ತದೆ, ಇದನ್ನು ನಾನು ಗಮನಿಸಿಯೇ ಇರಲಿಲ್ಲ. 4.ಇ3 ಬಿ6 ಒಂದು ಉಳಿಯಿತು. ಅಲ್ಲೂ 5.ನೈಟ್ ಇ2 ಆಡಬಹುದೇ? 5...ಬಿಷಪ್ ಎ6 ಬಂದು ಸಿ4ರ ಮೇಲೆ ಒತ್ತಡ ಬೀಳುತ್ತದಲ್ಲ.

ಹಳೇ ಪಟ:

ಆಡಬಹುದು. 5...ಬಿಷಪ್ ಎ6 6.ಎ3 ಬಿಷಪ್×ಸಿ3 ಚೆಕ್ 7.ನೈಟ್×ಸಿ3 ಡಿ5 8.ಬಿ3. ಇ2ರ ನೈಟ್‌ನಿಂದ ಹೊಡೆದದ್ದರಿಂದ ಸಿ-ಪಾನ್ ಎರಡಾಗಲಿಲ್ಲ, ಎರಡೂ ಬಿಷಪ್ ನಿಮ್ಮಲ್ಲಿವೆ. ಕಪ್ಪು ಕ್ಯಾಸಲ್ ಮಾಡಿದ ಮೇಲೆ 9.ಎ4. ನೈಟ್‌ಗೆ ಬಿ5, ಬಿಷಪ್‌ಗೆ ಎ3 ಮನೆ ಸಿಗುತ್ತದೆ. ಸಿ4ರಲ್ಲಿ ಬದಲಾವಣೆ ಮಾಡಲು ಆತುರಪಡಬೇಡಿ. ಕಪ್ಪೇ ಡಿ×ಸಿ4 ಹೊಡೆದರೆ ಬಿ-ಪಾನ್‌ನಿಂದ ಹಿಂದಿರುಗಿ ಹೊಡೆಯಿರಿ, ನಡುಮನೆ ನಿಮ್ಮದಾಗುತ್ತದೆ.